ಕೋಡಿ ಎತ್ತರಿಸಿದರೆ ಕೆರೆ ತುಂಬದು
ಹಳೆಯ ಟ್ರಾಕ್ಟರುಗಳ ಎಂಜಿನ್ ಎಣ್ಣೆಯ ವಿಚಾರ

ಪುತ್ತೂರು, ಸುಳ್ಯ ಮತ್ತು ಈಗ ಪ್ರತ್ಯೇಕ ತಾಲೂಕಾಗಿರುವ ಕಡಬದ ನಮ್ಮ ಸದಸ್ಯರಲ್ಲಿ ಹಳೆಯ ಟ್ರಾಕ್ಟರುಗಳ ಬಗ್ಗೆ ಹೊಸ ಉಮೇದು ಹುಟ್ಟಿಕೊಂಡಿದೆ. ಕೊಟ್ಟಿಗೆಯ ಮೂಲೆಯಲ್ಲಿ ಹತ್ತಿಪ್ಪತ್ತು ವರ್ಷ ಸೊಪ್ಪು ಸೌದೆಗಳ ನಡುವೆ ಬಿದ್ದಿದ್ದ ಗಾಡಿಗಳನ್ನು ಹೊರಗೆಳೆದು, ಬಿಚ್ಚಿಸಿ, ಬೋರು ಮಾಡಿಸಿ, ಬಣ್ಣ ಹೊಡೆಸಿ ಮತ್ತೆ ಕೆಲಸಕ್ಕೆ ಹಚ್ಚುತ್ತಿದ್ದಾರೆ. ಇದು ಸಂತೋಷದ ವಿಷಯವೇ. ತಂದೆಯ ಕಾಲದ ಯಂತ್ರವನ್ನು ಗುಜರಿಗೆ ತೂಕ ಮಾಡಿ ಕೊಡುವ ಬದಲು ಉಪಯೋಗಿಸುವುದು ಮಿತವ್ಯಯದ ಲಕ್ಷಣ. ಆದರೆ ಹೀಗೆ ಸಾಕಷ್ಟು ಹಣ ಸುರಿದು ಎಬ್ಬಿಸಿದ ಎಂಜಿನು ಒಂದೆರಡು ಮಳೆಗಾಲ ಕಳೆಯುವುದರೊಳಗೆ ಮತ್ತೆ ಜಾಮ್ ಆಗಿ ನಿಲ್ಲುವುದನ್ನೂ ನಾವು ನೋಡುತ್ತಿದ್ದೇವೆ. ಬಿಚ್ಚಿ ನೋಡಿದರೆ ಪಿಸ್ಟನ್ ಹೊಸದು, ಲೈನರ್ ಹೊಸದು. ಬೇರಿಂಗು ಮಾತ್ರ ಸುಟ್ಟು ಕಪ್ಪಾಗಿರುತ್ತದೆ. ಕಾರಣ ಕೇಳಿದರೆ "ಎಣ್ಣೆ ಹೋಗಲಿಲ್ಲ" ಎಂಬ ಒಂದೇ ಉತ್ತರ. ಎಣ್ಣೆ ಏಕೆ ಹೋಗಲಿಲ್ಲ ಎಂದು ಮುಂದಕ್ಕೆ ಕೇಳುವವರು ಕಡಿಮೆ. ಅದನ್ನು ಕೇಳಬೇಕೆಂಬುದೂ, ಕೇಳಲು ಬೇಕಾದ ಸಲಕರಣೆಯನ್ನು ಸಂಘವೇ ಇಟ್ಟುಕೊಳ್ಳಬೇಕೆಂಬುದೂ ಈ ಲೇಖನದ ಅಭಿಪ್ರಾಯ.

ನಮ್ಮ ಕೈಯಲ್ಲಿರುವ ಗಾಡಿಗಳು ಯಾವುವು ಎಂಬುದನ್ನು ಮೊದಲು ನೆನಪಿಸಿಕೊಳ್ಳೋಣ. ಭಾರತದಲ್ಲಿ ಟ್ರಾಕ್ಟರು ತಯಾರಿಕೆ ಆರಂಭವಾದದ್ದು 1959ರಲ್ಲಿ ಫರೀದಾಬಾದಿನ ಐಷರ್ ಕಾರ್ಖಾನೆಯಿಂದ. ಮರುವರ್ಷ ಮದರಾಸಿನಲ್ಲಿ ಮ್ಯಾಸಿ ಫರ್ಗುಸನ್ ಸಹಯೋಗದಿಂದ ಟಾಫೆ ಸ್ಥಾಪನೆಯಾಯಿತು. 1963ರಲ್ಲಿ ಮಹೀಂದ್ರದವರು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜತೆ ಸೇರಿ ಬಿ-275 ಗಾಡಿಯನ್ನು ತರುವ ಕಂಪೆನಿ ಕಟ್ಟಿದರು. 1971ರಲ್ಲಿ ನಮ್ಮ ಬೆಂಗಳೂರಿನ ಎಚ್.ಎಂ.ಟಿ. ಸಂಸ್ಥೆ ಹರಿಯಾಣದ ಪಿಂಜೋರಿನಲ್ಲಿ ಜೆಕೊಸ್ಲೊವಾಕಿಯಾದ ಜೀಟರ್ ಮಾದರಿಯ ಎರಡು ಸಿಲಿಂಡರಿನ 25 ಅಶ್ವಶಕ್ತಿಯ 2511 ಗಾಡಿಯನ್ನು ತಯಾರಿಸತೊಡಗಿತು. 1974ರಲ್ಲಿ ಸ್ವರಾಜ್ ಬಂತು. ಗಟ್ಟಿಯಾಗಿ, ದಪ್ಪವಾಗಿ ಎರಕ ಹೊಯ್ದ ಎಂಜಿನುಗಳು ಅವು. ಹಳ್ಳಿಯ ಮೆಕ್ಯಾನಿಕನ ಸ್ಪಾನರಿಗೆ ಸಿಗುವಂಥವು, ಗಣಕಯಂತ್ರ ಹಚ್ಚಿ ನೋಡಬೇಕಾದ ಭಾಗ ಒಂದೂ ಇಲ್ಲ. ಇದೇ ಅವುಗಳ ದೊಡ್ಡ ಗುಣ. ದೊಡ್ಡ ಕೊರತೆಯೆಂದರೆ, ಕೆಲವು ಮಾದರಿಗಳಿಗೆ ಈಗ ಹಿಂದೆ ನಿಲ್ಲುವ ಕಾರ್ಖಾನೆಯೇ ಇಲ್ಲ. ಎಚ್.ಎಂ.ಟಿ.ಯ ಟ್ರಾಕ್ಟರು ವಿಭಾಗವನ್ನು ಮುಚ್ಚಲು ಕೇಂದ್ರ ಸರಕಾರ 2016ರಲ್ಲಿ ತೀರ್ಮಾನಿಸಿತು. ಅಂಥ ಗಾಡಿಯ ಕ್ರ್ಯಾಂಕ್ ಶಾಫ್ಟ್ ಒಮ್ಮೆ ಗೀಚಿಹೋದರೆ ಮತ್ತೊಂದು ಸಿಗುವ ಭರವಸೆ ಕಡಿಮೆ. ಆದುದರಿಂದ ಕೆಡದ ಹಾಗೆ ಕಾಯುವುದಷ್ಟೇ ಉಳಿದ ದಾರಿ.

ಗಾಡಿ ನಿಂತರೆ ನಷ್ಟವಾಗುವುದು ರಿಪೇರಿಯ ಬಿಲ್ಲಿನಷ್ಟೇ ಎಂದು ತಿಳಿಯಬಾರದು. ನಮ್ಮ ಇಳಿಜಾರು ಭೂಮಿಯಲ್ಲಿ ಟ್ರಾಕ್ಟರು ಉಳುವುದಕ್ಕಿಂತ ಹೆಚ್ಚಾಗಿ ಮಣ್ಣು, ಗೊಬ್ಬರ, ಗೊನೆ ಸಾಗಿಸುತ್ತದೆ. ಹಿಂಬದಿಯ ಪಿಟಿಒ ಶಾಫ್ಟಿಗೆ ಪಂಪು ಕಟ್ಟಿದರೆ ನೀರೆತ್ತುತ್ತದೆ, ಮದ್ದು ಬಿಡುತ್ತದೆ. ಈ ಎರಡು ಕೆಲಸಗಳಿಗೂ ದಿನ ಗೊತ್ತುಪಡಿಸಿದೆ. ರೊಬಸ್ಟಾ ಕಾಫಿಗೆ ಫೆಬ್ರವರಿ-ಮಾರ್ಚಿನಲ್ಲಿ ಒಂದು, ಒಂದೂವರೆ ಇಂಚಿನ ಹೂಮಳೆಯನ್ನು ಸ್ಪ್ರಿಂಕ್ಲರಿನಿಂದ ಕೊಡಬೇಕು, ಹದಿನೈದಿಪ್ಪತ್ತು ದಿನ ಬಿಟ್ಟು ಇನ್ನೊಮ್ಮೆ ಕೊಡಬೇಕು. ಅರ್ಧ ತೋಟಕ್ಕೆ ನೀರು ಕೊಟ್ಟು ಎಂಜಿನು ನಿಂತರೆ ಉಳಿದರ್ಧದ ಮೊಗ್ಗು ನಮಗಾಗಿ ಕಾಯುವುದಿಲ್ಲ. ಅಡಿಕೆಗೆ ಮಳೆ ಹಿಡಿಯುವ ಮುನ್ನ ಒಮ್ಮೆ, ಅನಂತರ ನಲ್ವತ್ತು-ನಲ್ವತ್ತೈದು ದಿನಕ್ಕೆ ಇನ್ನೊಮ್ಮೆ ಶೇಕಡಾ ಒಂದರ ಬೋರ್ಡೋ ದ್ರಾವಣ ಬೀಳಬೇಕು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಡಾ. ಲೆಸ್ಲಿ ಕೋಲ್ಮನ್ ಅವರು ಕೊಳೆರೋಗದ ಮೇಲೆ 1910ರಲ್ಲಿ ಬರೆದ ಕಾಲದಿಂದ ಇಂದಿನವರೆಗೆ ಈ ಕ್ರಮ ಬದಲಾಗಿಲ್ಲ. ಬದಲಾದದ್ದು ಮದ್ದು ಬಿಡುವ ರೀತಿ. ಹಿಂದೆ ಮರ ಹತ್ತುವವರಿದ್ದರು, ಕೆಳಗೆ ನಿಂತು ಕೈಯಿಂದ ಪಂಪು ಜಗ್ಗುವವರಿದ್ದರು. ಈಗ ಹತ್ತುವವರು ವಿರಳ. ಕಾರ್ಬನ್ ಫೈಬರಿನ ದೋಟಿ ಹಿಡಿದು ನೆಲದಿಂದಲೇ ಮದ್ದು ಬಿಡುವುದು ರೂಢಿಯಾಗುತ್ತಿದೆ. ಅಷ್ಟೆತ್ತರಕ್ಕೆ ದ್ರಾವಣ ಏರಬೇಕಾದರೆ ಗಂಟೆಗಟ್ಟಲೆ ಒಂದೇ ಸಮನೆ ಓಡುವ ಯಂತ್ರ ಬೇಕು. ಆಟಿ ತಿಂಗಳಲ್ಲಿ ಮಳೆ ಬಿಟ್ಟ ಎರಡು ದಿನದ ಸಂದಿನಲ್ಲಿ ಎಂಜಿನು ಜಾಮ್ ಆದರೆ, ದೋಟಿಯವರು ಮುಂದಿನ ತೋಟಕ್ಕೆ ಹೋಗುತ್ತಾರೆ. 2013ರಲ್ಲಿ, 2018ರಲ್ಲಿ ಮದ್ದು ತಡವಾದ ತೋಟಗಳ ಗತಿ ಏನಾಯಿತೆಂಬುದು ಓದುಗರಿಗೆ ಗೊತ್ತಿದೆ. ಮರ ಬಿದ್ದು ವಿದ್ಯುತ್ ಲೈನ್ ಹೋದ ದಿನಗಳಲ್ಲಂತೂ ಡೀಸೆಲ್ ಎಂಜಿನಿನ ಹೊರತು ಬೇರೆ ಗತಿಯಿಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಹೆಚ್ಚಿನವರು ಆಯಿಲ್ ಮೀಟರಿನ ಮುಳ್ಳನ್ನು ಎಂಜಿನಿನ ನಾಡಿಯೆಂದು ತಿಳಿದಿದ್ದಾರೆ. ಮುಳ್ಳು ಏರಿದ್ದರೆ ಆರೋಗ್ಯ, ಇಳಿದರೆ ಕಾಯಿಲೆ. ಅರ್ಧ ನಿಜ. ಬೇರಿಂಗಿನ ಒಳಗೆ ಶಾಫ್ಟನ್ನು ಎತ್ತಿ ಹಿಡಿಯುವುದು ಪಂಪಿನ ಒತ್ತಡ ಎಂಬ ನಂಬಿಕೆಯೇ ಇದಕ್ಕೆಲ್ಲ ಮೂಲ. ಅದು ತಪ್ಪೆಂದು ಇಂಗ್ಲೆಂಡಿನ ಬೋಷಾಂಪ್ ಟವರ್ ಎಂಬ ಎಂಜಿನಿಯರು 1883ರಷ್ಟು ಹಿಂದೆಯೇ ತೋರಿಸಿಕೊಟ್ಟಿದ್ದಾರೆ. ರೈಲ್ವೆ ಅಚ್ಚಿನ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದಾಗ, ಎಣ್ಣೆ ಹಾಕಲೆಂದು ಬೇರಿಂಗಿನ ತಲೆಯಲ್ಲಿ ಕೊರೆದ ತೂತಿನಿಂದ ಎಣ್ಣೆ ತಾನಾಗಿ ಮೇಲಕ್ಕೆ ಉಕ್ಕಿತು. ಬಿರಡೆ ಜಡಿದರೆ ಬಿರಡೆಯನ್ನು ತಳ್ಳಿತು, ಮರದ ಗೂಟ ಹೊಡೆದರೆ ಗೂಟವನ್ನೂ ತಳ್ಳಿತು. ಕೊನೆಗೆ ಮೀಟರು ಕೂರಿಸಿ ನೋಡಿದರೆ ಚದರ ಇಂಚಿಗೆ 200 ಪೌಂಡಿನಷ್ಟು ಒತ್ತಡ. ಬೇರಿಂಗಿನ ಮೇಲಿದ್ದ ಸರಾಸರಿ ಭಾರ ಅದರ ಅರ್ಧದಷ್ಟು ಮಾತ್ರ. ಅಲ್ಲಿ ಪಂಪು ಎಂಬುದೇ ಇರಲಿಲ್ಲ! ತಿರುಗುವ ಶಾಫ್ಟೇ ಎಣ್ಣೆಯನ್ನು ಕಿರಿದಾದ ಸಂದಿಗೆ ಎಳೆದುಕೊಂಡು ಆ ಒತ್ತಡವನ್ನು ಹುಟ್ಟಿಸಿತ್ತು. ಅದರ ಗಣಿತವನ್ನು 1886ರಲ್ಲಿ ಓಸ್ಬೋರ್ನ್ ರೇನಾಲ್ಡ್ಸ್ ಬಿಡಿಸಿದರು. ನಮ್ಮ ಟ್ರಾಕ್ಟರಿನ ಬೇರಿಂಗೂ ಇದೇ ನಿಯಮಕ್ಕೆ ಸೇರಿದ್ದು. ಶಾಫ್ಟನ್ನು ತೇಲಿಸುವ ಬಲ ಶಾಫ್ಟಿನ ಸುತ್ತಿನಿಂದಲೇ ಬರುತ್ತದೆ. ಪಂಪಿನ ಕೆಲಸ, ಸೋರಿಹೋದಷ್ಟು ಎಣ್ಣೆಯನ್ನು ಮತ್ತೆ ಮತ್ತೆ ತುಂಬಿಕೊಡುವುದು ಮತ್ತು ಬಿಸಿಯನ್ನು ಹೊತ್ತುಕೊಂಡು ಹೋಗುವುದು. ಎಂದರೆ ಬೇರಿಂಗಿಗೆ ಬೇಕಾದದ್ದು ಸಾಕಷ್ಟು ಹರಿವು. ಹರಿವು ಇದೆಯೋ ಇಲ್ಲವೋ ಎಂದು ಊಹಿಸಲು ಮೀಟರು ಒಂದು ಸಾಕ್ಷಿ, ಅದೂ ಕೆಲವೊಮ್ಮೆ ಸುಳ್ಳು ಹೇಳುವ ಸಾಕ್ಷಿ.

ತೋಟಕ್ಕೆ ನೀರು ಬಿಡುವವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಎಲ್ಲ ಗೇಟ್ ವಾಲ್ವ್ ಮುಚ್ಚಿ ಪಂಪು ಓಡಿಸಿದರೆ ಮೀಟರಿನ ಮುಳ್ಳು ಮೇಲೇರುತ್ತದೆ. ಒಂದು ಮರಕ್ಕೂ ನೀರು ಹೋಗಿರುವುದಿಲ್ಲ. ನಡುವೆ ಎಲ್ಲೋ ಪೈಪು ಒಡೆದರೆ ಮುಳ್ಳು ಇಳಿಯುತ್ತದೆ. ಒಡೆದಲ್ಲಿ ಕೆರೆಯಾಗಿರುತ್ತದೆ, ಗುಡ್ಡದ ತುದಿಯ ಜೆಟ್ಟು ಒಣಗಿರುತ್ತದೆ. ಎಂಜಿನಿನಲ್ಲೂ ಹಾಗೆಯೇ. ಮುಖ್ಯ ಬೇರಿಂಗುಗಳು ಪಂಪಿನ ಹತ್ತಿರದ ಸಾಲುಗಳು, ತಲೆಯ ಮೇಲಿನ ರಾಕರ್ ಶಾಫ್ಟು ಗುಡ್ಡದ ತುದಿಯ ಸಾಲು. ಕೆಳಗೆ ಎಲ್ಲಿ ಸೋರಿದರೂ ಮೇಲಿನದು ಮೊದಲು ಒಣಗುತ್ತದೆ.

ಈ ತಿಳಿವಳಿಕೆಯಿಲ್ಲದೆ ನಡೆಯುವ ಮೂರು ಪದ್ಧತಿಗಳನ್ನು ನಾನು ಇಲ್ಲಿ ವಿರೋಧಿಸುತ್ತೇನೆ.

ಮೊದಲನೆಯದು, ರಿಲೀಫ್ ವಾಲ್ವಿನ ಸ್ಪ್ರಿಂಗಿನ ಹಿಂದೆ ವಾಷರ್ ಇಟ್ಟು ಬಿಗಿ ಮಾಡುವುದು. ಮುಳ್ಳು ಇಳಿದಿದೆ ಎಂದೊಡನೆ ಅನೇಕರು ಮಾಡುವ ಮೊದಲ ಚಿಕಿತ್ಸೆ ಇದು. ರಿಲೀಫ್ ವಾಲ್ವೆಂದರೆ ಕೆರೆಯ ಕೋಡಿ. ಕೆರೆ ತುಂಬಿ ಏರಿ ಒಡೆಯದಂತೆ, ಗೊತ್ತಾದ ಮಟ್ಟ ಮೀರಿದ ನೀರನ್ನು ಹೊರಗೆ ಬಿಡುವುದಕ್ಕಾಗಿ ಇರುವುದು ಕೋಡಿ. ನೀರು ಕೋಡಿಯ ಮಟ್ಟಕ್ಕೆ ಬಂದೇ ಇಲ್ಲದಿರುವಾಗ ಕೋಡಿಯನ್ನು ಎರಡಡಿ ಎತ್ತರಿಸಿದರೆ ಕೆರೆಗೆ ಒಂದು ಹನಿಯೂ ಹೆಚ್ಚು ಬರುವುದಿಲ್ಲ. ಸವೆದ ಎಂಜಿನಿನಲ್ಲಿ, ಬಿಸಿಯಾದ ಮೇಲೆ ಒತ್ತಡ ವಾಲ್ವು ತೆರೆಯುವ ಮಟ್ಟಕ್ಕಿಂತ ಕೆಳಗಿರುವುದರಿಂದ ವಾಲ್ವು ಆಗಲೇ ಮುಚ್ಚಿರುತ್ತದೆ. ಮುಚ್ಚಿದ ಬಾಗಿಲಿಗೆ ಇನ್ನೊಂದು ಚಿಲಕ ಹಾಕಿ ಪ್ರಯೋಜನವೇನು? ಬೆಳಗಿನ ಹೊತ್ತು ಎಣ್ಣೆ ತಣ್ಣಗೆ ದಪ್ಪವಾಗಿರುವಾಗ ಮಾತ್ರ ಮುಳ್ಳು ಮೊದಲಿಗಿಂತ ಮೇಲೇರುತ್ತದೆ, ಮಾಲಕರಿಗೆ ಸಮಾಧಾನವಾಗುತ್ತದೆ. ಆ ಹೆಚ್ಚಿನ ಒತ್ತಡ ಫಿಲ್ಟರಿನ ಗ್ಯಾಸ್ಕೆಟನ್ನು ಒಡೆಯುತ್ತದೆ, ಪಂಪಿನ ಗಿಯರಿಗೆ ಭಾರ ಹೇರುತ್ತದೆ. ಮಧ್ಯಾಹ್ನ ಹೊರೆ ಎಳೆಯುವಾಗ ಬೇರಿಂಗಿಗೆ ಸಿಗುವ ಎಣ್ಣೆ ನಿನ್ನೆ ಎಷ್ಟಿತ್ತೋ ಅಷ್ಟೇ. ವಾಲ್ವಿನ ಗುಂಡು ಕೂರುವ ಜಾಗದಲ್ಲಿ ಕಸ ಕುಳಿತು ಅಥವಾ ಹಳೆಯ ಸ್ಪ್ರಿಂಗು ತುಂಡಾಗಿ ಎಣ್ಣೆ ಸದಾ ಸೋರುತ್ತಿರುವುದುಂಟು, ನಿಜ. ಆಗ ಮಾಡಬೇಕಾದದ್ದು ಆ ಜಾಗವನ್ನು ಶುಚಿಗೊಳಿಸಿ ಸರಿಯಾದ ಉದ್ದದ ಸ್ಪ್ರಿಂಗು ಹಾಕುವುದು.

ಎರಡನೆಯದು, ದಪ್ಪ ಎಣ್ಣೆ ಹಾಕುವುದು ಅಥವಾ ಡಬ್ಬಿಯಲ್ಲಿ ಬರುವ ಅಂಟು ದ್ರವಗಳನ್ನು ಬೆರೆಸುವುದು. ದಪ್ಪ ಎಣ್ಣೆ ಸೋರುವುದು ನಿಧಾನ, ಆದುದರಿಂದ ಮುಳ್ಳು ಏರುತ್ತದೆ. ಆದರೆ ಅದು ಹರಿಯುವುದೂ ನಿಧಾನ. ಮಳೆಗಾಲದ ಬೆಳಗ್ಗೆ ಚಾಲೂ ಮಾಡಿದಾಗ ದಪ್ಪ ಎಣ್ಣೆ ರಾಕರ್ ಶಾಫ್ಟಿನ ತುದಿಗೆ ತಲಪುವ ತನಕ ಆ ಭಾಗಗಳು ಒಣಗಿಯೇ ಉಜ್ಜುತ್ತವೆ. ಎಂಜಿನು ಸವೆಯುವುದು ಹೆಚ್ಚಾಗಿ ಈ ಆರಂಭದ ಗಳಿಗೆಯಲ್ಲೇ. ಗಾಡಿಯ ಪುಸ್ತಕದಲ್ಲಿ ಹೇಳಿದ ಗ್ರೇಡು ಯಾವುದೋ ಅದನ್ನೇ ಹಾಕಬೇಕು. ಆ ಕಾಲದ ಪುಸ್ತಕಗಳು ಬೇಸಗೆಗೊಂದು ಚಳಿಗೊಂದು ಎಂದು 30, 40ರ ಒಂಟಿ ಗ್ರೇಡುಗಳನ್ನು ಹೇಳುತ್ತಿದ್ದವು. ಈಗ ಸಿಗುವ 20ಡಬ್ಲ್ಯೂ-40ರಂಥ ಜಂಟಿ ಗ್ರೇಡು ತಣ್ಣಗಿರುವಾಗ ತೆಳುವಾಗಿಯೂ ಬಿಸಿಯಲ್ಲಿ 40ರಷ್ಟು ದಪ್ಪವಾಗಿಯೂ ಇದ್ದು ನಮ್ಮ ಸೀಮೆಗೆ ಒಪ್ಪುತ್ತದೆ. ಒಂದು ಎಚ್ಚರ: ಇಪ್ಪತ್ತು ವರ್ಷದ ಕೆಸರು ತಳದಲ್ಲಿ ಕುಳಿತಿರುವ ಎಂಜಿನಿಗೆ ಆಯಿಲ್ ಚೇಂಬರನ್ನು ಬಿಚ್ಚಿ ತೊಳೆಯದೆ ಹೊಸ ಎಣ್ಣೆ ಸುರಿಯಬಾರದು. ಈಗಿನ ಎಣ್ಣೆಗಳಲ್ಲಿ ಮಲಿನ ತೊಳೆಯುವ ಗುಣವಿದೆ. ಎದ್ದ ಕೆಸರು ಜಾಲರಿಯನ್ನು ಮುಚ್ಚಿದರೆ ಪಂಪು ಎಳೆಯುವುದೇನನ್ನು?

ಮೂರನೆಯದು, "ಮೇಲಕ್ಕೆ ಎಣ್ಣೆ ಚೆನ್ನಾಗಿ ಹೋಗಲಿ" ಎಂದು ರಾಕರಿಗೆ ಹೋಗುವ ತೂತನ್ನು ದೊಡ್ಡದು ಮಾಡುವುದು. ಇದು ಸದುದ್ದೇಶದಿಂದ ಮಾಡುವ ಅನಾಹುತ. ರಾಕರುಗಳಿಗೆ ಎಣ್ಣೆ ಬೇಕು, ಆದರೆ ತೊಟ್ಟಿಕ್ಕುವಷ್ಟು ಸಾಕು. ಅದಕ್ಕಾಗಿಯೇ ಎಂಜಿನು ರೂಪಿಸಿದವರು ಆ ದಾರಿಯಲ್ಲಿ ಒಂದು ತಡೆ ಇಟ್ಟಿರುತ್ತಾರೆ. ಕೆಲವು ಎಂಜಿನುಗಳಲ್ಲಿ ಅದು ಸಣ್ಣ ತೂತಿನ ಜೆಟ್ಟು ಅಥವಾ ಬೋಲ್ಟು. ಇನ್ನು ಕೆಲವದರಲ್ಲಿ ಕ್ಯಾಮ್ ಶಾಫ್ಟಿನ ಮೇಲೊಂದು ಕಚ್ಚು ಇದ್ದು, ಶಾಫ್ಟು ಸುತ್ತುವಾಗ ಬುಷಿನ ತೂತಿಗೆ ಅದು ಎದುರಾದಾಗ ಮಾತ್ರ ಒಂದೊಂದು ಗುಟುಕು ಎಣ್ಣೆ ಮೇಲಕ್ಕೆ ಹೋಗುತ್ತದೆ. ಒಂದೂವರೆ ಮಿ.ಮೀ. ತೂತನ್ನು ಮೂರು ಮಿ.ಮೀ.ಗೆ ಕೊರೆದರೆ ಹರಿವು ಇಮ್ಮಡಿಯಲ್ಲ, ಸುಮಾರು ನಾಲ್ಕು ಪಟ್ಟಾಗುತ್ತದೆ. ಡ್ರಿಪ್ಪರನ್ನು ಕಿತ್ತು ಪೈಪಿನ ಬಾಯಿ ತೆರೆದಿಟ್ಟ ಹಾಗೆ. ತಲೆಯ ಮೇಲೆ ಎಣ್ಣೆ ಕೆರೆ ಕಟ್ಟುತ್ತದೆ, ಇಳಿಯುವ ದಾರಿ ಸಾಲದೆ ವಾಲ್ವಿನ ಗೈಡುಗಳ ಮೂಲಕ ಸಿಲಿಂಡರಿಗೆ ಇಳಿದು ಸುಡುತ್ತದೆ, ಹೊಗೆ ನೀಲಿಯಾಗುತ್ತದೆ. ಅತ್ತ ಮುಖ್ಯ ಬೇರಿಂಗುಗಳ ಪಾಲಿನ ಎಣ್ಣೆ ಕಡಿಮೆಯಾಗುತ್ತದೆ.

ಸದಸ್ಯರೊಬ್ಬರ ಗಾಡಿಯಲ್ಲಿ ನಡೆದದ್ದು ಇದಕ್ಕೆ ಉದಾಹರಣೆ. ಪೂರಾ ಎಂಜಿನು ಕೆಲಸ ಆದ ಮೇಲೆ ನೀಲಿ ಹೊಗೆ ಶುರುವಾಯಿತು. ರಿಂಗು ಸರಿಯಿಲ್ಲವೆಂದು ಬದಲಿಸಿದರು, ಹೊಗೆ ನಿಲ್ಲಲಿಲ್ಲ. ಲೈನರಿನ ದೋಷವೆಂದು ಅದನ್ನೂ ಬದಲಿಸಿದರು. ಮೂರನೆಯ ಸಲ ಇನ್ನೊಬ್ಬ ವಯಸ್ಸಾದ ಮೆಕ್ಯಾನಿಕರು ರಾಕರಿನ ಮುಚ್ಚಳ ತೆಗೆದು ಎಂಜಿನನ್ನು ನಿಧಾನವಾಗಿ ಓಡಿಸಿ ನೋಡಿದರು. ಎಣ್ಣೆ ಕಾರಂಜಿಯಂತೆ ಚಿಮ್ಮುತ್ತಿತ್ತು. ಜೋಡಿಸುವಾಗ ಸಣ್ಣ ತೂತಿನ ಬೋಲ್ಟು ಕಳೆದುಹೋಗಿ, ಅದೇ ಅಳತೆಯ ದೊಡ್ಡ ತೂತಿನ ಬೇರೊಂದು ಬೋಲ್ಟನ್ನು ಹಾಕಿದ್ದರು. ಅಂಗೈಯಲ್ಲಿ ಹಿಡಿಸುವ ಒಂದು ಬೋಲ್ಟಿಗಾಗಿ ಎರಡು ಬಾರಿ ಎಂಜಿನು ಬಿಚ್ಚಿದ ಖರ್ಚು! ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು. ಕ್ಯಾಮ್ ಬುಷ್ ಹೊಸದಾಗಿ ಹೊಡೆಯುವಾಗ ಅದರ ತೂತು ಬ್ಲಾಕಿನ ತೂತಿಗೆ ಸರಿಯಾಗಿ ಕೂರದಿದ್ದರೆ, ಅಥವಾ ಹೆಡ್ ಗ್ಯಾಸ್ಕೆಟಿನಲ್ಲಿ ಎಣ್ಣೆಯ ತೂತು ಇಲ್ಲದಿದ್ದರೆ ಮೇಲಕ್ಕೆ ಒಂದು ಹನಿಯೂ ಹೋಗದು. ಆಗ ಮೀಟರಿನ ಮುಳ್ಳು ಕುಣಿದಾಡುವಷ್ಟು ಚೆನ್ನಾಗಿರುತ್ತದೆ, ರಾಕರು ಕಿರುಗುಟ್ಟುತ್ತದೆ. ಆದುದರಿಂದ ಎಂಜಿನು ಜೋಡಿಸಿದ ದಿನ ಮುಚ್ಚಳ ತೆರೆದು ಕಣ್ಣಾರೆ ನೋಡಲೇ ಬೇಕು. ಪ್ರತಿ ರಾಕರಿನಿಂದಲೂ ಎಣ್ಣೆ ಒಸರಿ ತೊಟ್ಟಿಕ್ಕುತ್ತಿರಬೇಕು, ಚಿಮ್ಮಬಾರದು.

ಹಾಗಾದರೆ ಒತ್ತಡ ನಿಜವಾಗಿ ಇಳಿದಾಗ ಕಾರಣವನ್ನು ಎಲ್ಲಿ ಹುಡುಕಬೇಕು? ಖರ್ಚಿಲ್ಲದ ಕಡೆಯಿಂದ ಶುರುಮಾಡಿ ಖರ್ಚಿನ ಕಡೆಗೆ ಹೋಗಬೇಕು. ಮೊದಲು ಮೀಟರೇ ಸರಿಯಿದೆಯೇ ಎಂದು ಬೇರೊಂದು ಮೀಟರು ಕಟ್ಟಿ ನೋಡಬೇಕು. ಅರ್ಧ ಗಂಟೆ ಹೊರೆಯಲ್ಲಿ ಓಡಿಸಿ, ಎಣ್ಣೆ ಬಿಸಿಯಾದ ಮೇಲೆ, ನಿಧಾನ ಓಟದಲ್ಲಿ ಒಂದು ಮತ್ತು ಪೂರ್ಣ ಓಟದಲ್ಲಿ ಒಂದು ಲೆಕ್ಕ ಬರೆದಿಟ್ಟುಕೊಳ್ಳಬೇಕು. ತಣ್ಣಗಿನ ಎಂಜಿನಿನ ಲೆಕ್ಕಕ್ಕೆ ಬೆಲೆಯಿಲ್ಲ. ಎರಡನೆಯದಾಗಿ ಎಣ್ಣೆ ಕಡ್ಡಿ ತೆಗೆದು ನೋಡಬೇಕು. ಮಟ್ಟ ಇಳಿದಿದ್ದರೆ ಎಲ್ಲರೂ ಗಮನಿಸುತ್ತಾರೆ. ಸುರಿಯದೆ ತಾನಾಗಿ ಏರಿದ್ದರೆ ಅನೇಕರು ಸಂತೋಷಪಡುತ್ತಾರೆ. ಅದು ಸಂತೋಷದ ವಿಷಯವಲ್ಲ. ಡೀಸೆಲ್ ವಾಸನೆ ಬಂದರೆ ಡೀಸೆಲ್ ಪಂಪಿನಿಂದಲೋ ನಾಝಲಿನಿಂದಲೋ ಸೋರಿ ಎಣ್ಣೆಗೆ ಸೇರುತ್ತಿದೆ ಎಂದರ್ಥ. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಗ್ಯಾಸ್ಕೆಟಿನ ದೋಷವಿಲ್ಲದಿದ್ದರೂ, ಮೂರೂವರೆ ಸಾವಿರ ಮಿ.ಮೀ. ದಾಟಿ ಮಳೆ ಸುರಿಯುವ ನಮ್ಮ ಊರುಗಳಲ್ಲಿ ದಿನಕ್ಕೆ ಎರಡು ನಿಮಿಷ ಚಾಲೂ ಮಾಡಿ ನಿಲ್ಲಿಸುವ ಗಾಡಿಯ ಒಳಗೆ ತೇವ ಕೂಡಿ ಹೀಗಾಗುವುದುಂಟು. ಚಾಲೂ ಮಾಡಿದ ಮೇಲೆ ಪೂರ್ತಿ ಬಿಸಿಯಾಗುವ ತನಕ ಓಡಿಸಬೇಕು, ಇಲ್ಲವೇ ಮುಟ್ಟಬಾರದು.

ಮೂರನೆಯದು, ಎಣ್ಣೆ ಪಂಪಿನ ಎಳೆಯುವ ಪೈಪು. ಫುಟ್ ವಾಲ್ವು ಸೋರಿದ ನೀರಿನ ಪಂಪು ಹೇಗೆ ಗಾಳಿ ಕುಡಿದು ನೀರೆತ್ತದೋ, ಹಾಗೆಯೇ ಈ ಪೈಪಿನ ಜಾಯಿಂಟಿನಲ್ಲಿ ಕೂದಲಿನಷ್ಟು ಬಿರುಕಿದ್ದರೂ ಮುಳ್ಳು ತತ್ತರಿಸುತ್ತದೆ. ಬಹಳ ಕಾಲ ನಿಂತಿದ್ದ ಎಂಜಿನಿನ ಪಂಪು ಒಣಗಿರುವುದರಿಂದ, ಚಾಲೂ ಮಾಡುವ ಮೊದಲು ಅದರೊಳಗೆ ಎಣ್ಣೆ ತುಂಬಿ, ಡೀಸೆಲ್ ಬಂದ್ ಮಾಡಿಟ್ಟು, ಮುಳ್ಳು ಏಳುವ ತನಕ ಸೆಲ್ಫಿನಿಂದಲೋ ಹ್ಯಾಂಡಲಿನಿಂದಲೋ ತಿರುಗಿಸಬೇಕು. ಈ ಹತ್ತು ನಿಮಿಷದ ತಾಳ್ಮೆ ಇಲ್ಲದೆ ಹೊಸ ಬೇರಿಂಗು ಮೊದಲ ದಿನವೇ ಗೀಚಿಹೋಗುತ್ತದೆ.

ನಾಲ್ಕನೆಯದು ನಮ್ಮ ಭೂಮಿಗೇ ವಿಶೇಷವಾದದ್ದು. ಬಯಲು ಸೀಮೆಯಲ್ಲಿ ಗಾಡಿ ಸಮತಟ್ಟಿನಲ್ಲಿ ನಿಲ್ಲುತ್ತದೆ. ನಾವು ಗುಡ್ಡದ ದಾರಿಯಲ್ಲಿ ಓರೆಯಾಗಿ ನಿಲ್ಲಿಸಿ, ಚಕ್ರಕ್ಕೊಂದು ಕಲ್ಲು ಕೊಟ್ಟು, ಮೂರು ನಾಲ್ಕು ಗಂಟೆ ಪಂಪು ಓಡಿಸುತ್ತೇವೆ. ಎಣ್ಣೆಯೆಲ್ಲ ಚೇಂಬರಿನ ತಗ್ಗಿನ ಬದಿಗೆ ಸರಿದು, ಎಳೆಯುವ ಜಾಲರಿ ಅರ್ಧ ಗಾಳಿಯಲ್ಲಿ ತೇಲುತ್ತದೆ. ಓರೆಯಲ್ಲಿ ನಿಂತ ಗಾಡಿಯ ಎಣ್ಣೆ ಕಡ್ಡಿಯೂ ಸರಿಯಾದ ಮಟ್ಟ ತೋರಿಸದು. ಪಂಪು ಕಟ್ಟುವ ಜಾಗದಲ್ಲಿ ಗಾಡಿ ನಿಲ್ಲುವಷ್ಟು ನೆಲವನ್ನು ಮಟ್ಟ ಮಾಡಿಸುವುದಕ್ಕೆ ಇಬ್ಬರ ಅರ್ಧ ದಿನದ ಕೆಲಸ ಸಾಕು. ಇಷ್ಟು ಅಗ್ಗದ ವಿಮೆ ಬೇರೊಂದಿಲ್ಲ.

ಇವೆಲ್ಲ ಸರಿಯಿದ್ದ ಮೇಲೂ ಒತ್ತಡ ಇಲ್ಲದಿದ್ದರೆ ಬೇರಿಂಗು ಸವೆದಿದೆ. ಇಲ್ಲೊಂದು ಲೆಕ್ಕ ನೆನಪಿರಲಿ. ಶಾಫ್ಟಿಗೂ ಬೇರಿಂಗಿಗೂ ನಡುವಿನ ಸಂದಿ ಸುಮಾರಾಗಿ ಶಾಫ್ಟಿನ ದಪ್ಪದ ಸಾವಿರದಲ್ಲೊಂದು ಭಾಗದಷ್ಟಿರುತ್ತದೆ, 60 ಮಿ.ಮೀ. ಶಾಫ್ಟಿಗೆ 0.06 ಮಿ.ಮೀ. ಸಂದಿ ಇಮ್ಮಡಿಯಾದರೆ ಎಣ್ಣೆ ಸೋರುವುದು ಇಮ್ಮಡಿಯಲ್ಲ, ಎಂಟು ಪಟ್ಟು. ಮೂರು ಪಟ್ಟಾದರೆ ಇಪ್ಪತ್ತೇಳು ಪಟ್ಟು. ಪಂಪು ಮಾತ್ರ ಸುತ್ತಿಗೆ ಇಷ್ಟೆಂದು ಅಳೆದೇ ಕೊಡುತ್ತದೆ. ಒಂದು ಬೇರಿಂಗು ಮಿತಿ ಮೀರಿ ಸವೆದರೆ ಉಳಿದೆಲ್ಲವುಗಳ ಪಾಲನ್ನು ಅದೊಂದೇ ಕುಡಿಯುತ್ತದೆ. ಇದಕ್ಕೆ ಲೇತಿನವರ ಬಳಿ ಶಾಫ್ಟು ಅಳೆಸಿ, ಗ್ರೈಂಡ್ ಮಾಡಿಸಿ, ಸರಿಯಾದ ಅಂಡರ್ ಸೈಜ್ ಬೇರಿಂಗು ಹಾಕುವುದೊಂದೇ ಪರಿಹಾರ. ಅಳೆಯದೆ ಕೈಯಲ್ಲಿ ಅಲುಗಿಸಿ "ಸಾಕು, ನಡೆಯುತ್ತದೆ" ಎನ್ನುವವರ ಮಾತಿಗೆ ಒಪ್ಪಬಾರದು. ಕೈಗೆ 0.06 ಮಿ.ಮೀ. ತಿಳಿಯುವುದಿಲ್ಲ.

ಎಲ್ಲ ಹಳೆಯ ಗಾಡಿಯನ್ನೂ ಎಬ್ಬಿಸಬೇಕೆಂದು ನಾನು ಹೇಳುತ್ತಿಲ್ಲ. ಶಾಫ್ಟು ಕೊನೆಯ ಅಂಡರ್ ಸೈಜ್ ದಾಟಿದ್ದರೆ, ಬ್ಲಾಕು ಒಡೆದಿದ್ದರೆ, ಬಿಡಿಭಾಗ ಸಿಗುವ ದಾರಿಯೇ ಇಲ್ಲದಿದ್ದರೆ, ಅದಕ್ಕೆ ಸಾಲ ಮಾಡುವುದು ಜಾಣತನವಲ್ಲ. ಅಭಿಮಾನಕ್ಕಾಗಿ ಇಟ್ಟುಕೊಳ್ಳುವವರು ಅಂಗಳದಲ್ಲಿ ನಿಲ್ಲಿಸಿಕೊಳ್ಳಲಿ, ಮದ್ದಿನ ಪಂಪನ್ನು ಅದಕ್ಕೆ ನಂಬಿ ಕಟ್ಟದಿರಲಿ. ಆದರೆ ಈ ತೀರ್ಮಾನವನ್ನು ಬಿಚ್ಚಿ ಅಳೆದ ಮೇಲೆ, ಬಣ್ಣ ಬಳಿಯುವ ಮೊದಲು ಮಾಡಬೇಕು. ನಮ್ಮಲ್ಲಿ ನಡೆಯುವುದು ಇದಕ್ಕೆ ತಿರುಗುಮುರುಗಾಗಿ.

ಇನ್ನು ಸಂಘದ ಕರ್ತವ್ಯದ ಮಾತು. ಮಹಾಸಭೆಯ ಮುಂದೆ ಮೂರು ಸಲಹೆಗಳನ್ನು ಇಡಲು ಬಯಸುತ್ತೇನೆ. ಒಂದು, ಸಂಘವು ನಂಬಲರ್ಹವಾದ ಒಂದು ಆಯಿಲ್ ಪ್ರೆಷರ್ ಮೀಟರನ್ನು, ಬೇರೆ ಬೇರೆ ಗಾಡಿಗಳಿಗೆ ಹೊಂದುವ ನಿಪ್ಪಲ್ಲುಗಳೊಂದಿಗೆ, ಮತ್ತು ಶಾಫ್ಟು ಅಳೆಯುವ ಒಂದು ಮೈಕ್ರೋಮೀಟರನ್ನು ಖರೀದಿಸಿ, ತೂಕದ ಕಲ್ಲಿನಂತೆ ಜೋಪಾನವಾಗಿಟ್ಟು, ಸದಸ್ಯರಿಗೆ ಎರವಲು ಕೊಡಬೇಕು. ಎರಡು, ಪ್ರತಿ ವರ್ಷ ಪತ್ತನಾಜೆಗೆ ಮುಂಚಿನ ವಾರದಲ್ಲಿ ಮೂರು ತಾಲೂಕುಗಳಲ್ಲಿ ಒಂದೊಂದು ದಿನ ಎಂಜಿನು ತಪಾಸಣೆ ನಡೆಸಬೇಕು. ಟ್ರಾಕ್ಟರು, ಟಿಲ್ಲರು, ಪಂಪಿನ ಎಂಜಿನು ಯಾವುದಾದರೂ ತರಬಹುದು. ಬಿಸಿ ಎಂಜಿನಿನ ಎರಡು ಲೆಕ್ಕಗಳನ್ನು ಒಂದು ರಿಜಿಸ್ಟರಿನಲ್ಲಿ ವರ್ಷ ವರ್ಷ ಬರೆದಿಟ್ಟರೆ, ಇಳಿಕೆ ಯಾವಾಗ ಶುರುವಾಯಿತೆಂದು ಜಾಮ್ ಆಗುವ ಮೊದಲೇ ತಿಳಿಯುತ್ತದೆ. ಮೂರು, ಈ ಹಳೆಯ ಎಂಜಿನುಗಳನ್ನು ಬಲ್ಲ ಮೆಕ್ಯಾನಿಕರು ವಯಸ್ಸಾಗುತ್ತ ಬಂದಿದ್ದಾರೆ. ಅವರ ಬಳಿ ಇಬ್ಬರು ಯುವಕರು ಒಂದು ವರ್ಷ ಕೆಲಸ ಕಲಿಯುವುದಕ್ಕೆ ಸಂಘದಿಂದ ಸಹಾಯಧನ ಕೊಡಬೇಕು.

ಆಡಳಿತ ಮಂಡಳಿಯ ಕೆಲವು ಮಿತ್ರರಿಗೆ ಇದು ಒಪ್ಪಿಗೆಯಿಲ್ಲ. "ಅಡಿಕೆ-ಕಾಫಿ ಸಂಘ ಗ್ಯಾರೇಜು ನಡೆಸಬೇಕೇ?" ಎಂಬುದು ಅವರ ಪ್ರಶ್ನೆ. ಟ್ರಾಕ್ಟರು ಇಲ್ಲದ ಸಣ್ಣ ಹಿಡುವಳಿದಾರರ ಹಣದಲ್ಲಿ ಟ್ರಾಕ್ಟರು ಇದ್ದವರಿಗೆ ಅನುಕೂಲ ಮಾಡಬೇಕೇ ಎಂಬುದು ಅದರ ಹಿಂದಿರುವ ನ್ಯಾಯವಾದ ಆಕ್ಷೇಪ. ಇದಕ್ಕೆ ನನ್ನ ಸಮಾಧಾನ ಇಷ್ಟು. ಗಾಡಿ ಇಲ್ಲದ ಎರಡೆಕರೆಯವರೂ ಮದ್ದು ಬಿಡಿಸುವುದು ನೆರೆಯವರ ಗಾಡಿಯಿಂದ, ಬಾಡಿಗೆ ಪಂಪಿನಿಂದ. ಆ ಗಾಡಿ ನಿಂತಾಗ ಮಾಲಕರ ತೋಟಕ್ಕೆ ಹೇಗಾದರೂ ಬೇರೆ ಏರ್ಪಾಡಾಗುತ್ತದೆ. ಸರದಿಯಲ್ಲಿ ಕೊನೆಗೆ ಇದ್ದವರ ಗೊನೆ ಉದುರುತ್ತದೆ. ಎಂಜಿನಿನಲ್ಲಿ ಕೊನೆಯ ರಾಕರಿನ ಗತಿ ಏನೋ ಇವರ ಗತಿಯೂ ಅದೇ. ಎರವಲಿಗೆ ಒಂದು ಸಣ್ಣ ಶುಲ್ಕ ಇಟ್ಟು, ಆ ಹಣದಿಂದಲೇ ಸಲಕರಣೆಯ ವೆಚ್ಚ ತುಂಬಿಸಿಕೊಳ್ಳಬಹುದು. ಗ್ಯಾರೇಜು ನಡೆಸುವ ಪ್ರಸ್ತಾಪ ಇದರಲ್ಲಿ ಇಲ್ಲ. ಅಳೆದು ಹೇಳುವುದಷ್ಟೇ ಸಂಘದ ಕೆಲಸ, ರಿಪೇರಿ ಅವರವರ ಇಷ್ಟದ ಮೆಕ್ಯಾನಿಕರಿಂದ.

ಕೊನೆಗೊಂದು ವಿನಂತಿ. ತಪಾಸಣೆಯ ದಿನ ತೆಗೆದ ಹಳೆಯ ಎಣ್ಣೆಯನ್ನು ತೋಟದ ಕಣಿಗೆ, ತೋಡಿಗೆ ಚೆಲ್ಲಬಾರದು. ಅದೇ ನೀರು ಕೆಳಗಿನವರ ಬಾವಿಗೆ ಇಳಿಯುತ್ತದೆ. ಡ್ರಮ್ಮಿನಲ್ಲಿ ಕೂಡಿಹಾಕಿ, ಹಳೆ ಎಣ್ಣೆ ಕೊಳ್ಳಲು ಪರವಾನಗಿ ಇರುವವರಿಗೆ ಸಂಘದ ಮೂಲಕ ಕೊಡುವ ಏರ್ಪಾಡನ್ನು ಮಾಡಬಹುದು.

ಸದಸ್ಯ ಬಾಂಧವರು ಈ ಸಲಹೆಗಳನ್ನು ಪರಿಶೀಲಿಸಿ, ಒಪ್ಪಿಗೆಯಾದರೂ ಸರಿ, ಇಲ್ಲವಾದರೂ ಸರಿ, ಮಹಾಸಭೆಗೆ ಬಂದು ಮಾತನಾಡಬೇಕು. ಬರುವಾಗ ತಮ್ಮ ಗಾಡಿಯ ಮಾದರಿ, ತಯಾರಾದ ವರ್ಷ ಮತ್ತು ಬಿಸಿ ಎಂಜಿನಿನ ಒತ್ತಡ ಗೊತ್ತಿದ್ದರೆ ಅದನ್ನೂ ಒಂದು ಚೀಟಿಯಲ್ಲಿ ಬರೆದು ತಂದರೆ ರಿಜಿಸ್ಟರಿನ ಮೊದಲ ಪುಟ ಅಂದೇ ತುಂಬುತ್ತದೆ.

— ಕಾರ್ಯದರ್ಶಿ